ಹೆಸರಿಲ್ಲದ ಒಡಪು

ಜೋರಾಗಿ ಮಾತಾಡುವ ಹೆಂಗಸರ ಹೆಸರಿನ ಕೊನೆಗೆ ‘ಬಾಯಿ’ ಎಂದು ಸೇರಿಸುತ್ತಾರೆ ಎಂದು ನಾನು ಚಿಕ್ಕವಳಿದ್ದಾಗ ಗಟ್ಟಿಯಾಗಿ ನಂಬಿದ್ದೆ. ಇದಕ್ಕೆ ನನ್ನ ಹತ್ತಿರ ಬೇಕಾದಷ್ಟು ಪುರಾವೆ ಇತ್ತು. ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಧಾರವಾಡದವಳು, ಹೆಸರು ಅಂಬಾಬಾಯಿ. ಅಡುಗೆಮನೆಯಲ್ಲಿ ಕೂತು ಅವಳಾಡಿದ ಮಾತು ಮಹಡಿಯ ಮೇಲಿನ ನನ್ನ ಕೋಣೆಗೆ, ಬಾಗಿಲು ಹಾಕಿಕೊಂಡಿದ್ದರೂ, ಒಂದಕ್ಷರ ಬಿಡದೆ ಬಂದು ತಲುಪುತ್ತಿತ್ತು. ಅಮ್ಮ ಮೈಸೂರಿನವಳು, ಮೆತ್ತಗಿನ ದನಿಯವಳು, ಹೆಸರು ಬರೀ ವೀಣಾ. ಆದರೆ ಅಮ್ಮ ಎದುರು ಮಾತಾಡಿದ ದಿನ ಮಾತ್ರ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಅವಳ ಹೆಸರನ್ನು ಉದ್ದ ಮಾಡುತ್ತಿದ್ದಳು.

“ಏನು ವೀಣಾಬಾಯಿ, ಇವತ್ತ ಭಾಳ ಮಾತು ಬರ್ಲಿಕ್ಕತ್ತಾವಲ್ಲ?”

ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೆ ಬೇಕು? ದೊಡ್ಡವಳಾದ ಮೇಲೆ ನಾನೂ ಅನಘಾಬಾಯಿ ಆಗಬೇಕು, ಅದನ್ನು ಯಾರಾದರೂ ಜಗಳದ ನಡುವೆ ಕೂಗಿ ಕರೆಯಬೇಕು ಎಂದು ನನಗೆ ಬಹಳ ಆಸೆಯಿತ್ತು. ಅದು ಆ ಕಡೆಯವರು ಹೆಣ್ಣುಮಕ್ಕಳ ಹೆಸರಿಗೆ ಗೌರವಕ್ಕೆ ಸೇರಿಸುವ ಮಾತು, ಮೈಸೂರಿನವರು ‘ಅಮ್ಮ’ ಎಂದು ಸೇರಿಸಿದ ಹಾಗೆ ಎಂದು ಅಪ್ಪ ಒಂದು ದಿನ ಕೂರಿಸಿಕೊಂಡು ತಿಳಿಸಿ ಹೇಳಿದಾಗ ನನಗೆ ನಿಜಕ್ಕೂ ನಿರಾಸೆಯಾಯಿತು. ನನ್ನ ಅರ್ಥವೇ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಮ್ಮ ಮನೆ ಡಲ್ಲಾಸಿನ ಪಕ್ಕದ ಪ್ಲೇನೋದಲ್ಲಿತ್ತು. ಆಚೀಚಿನ ಮನೆಗಳ ಹಾಗೆಯೇ ಇಟ್ಟಿಗೆ ಬಣ್ಣದ್ದು, ರಾತ್ರಿ ರಿಮೋಟ್ ಒತ್ತಿ ಗ್ಯಾರೇಜಿನ ಬಾಗಿಲು ತೆರೆದರೆ ಮಾತ್ರ ಇದು ನಮ್ಮದು ಎಂದು ಗೊತ್ತಾಗುವಂಥದ್ದು. ದಿನಸಿ ಇಡುವ ಪ್ಯಾಂಟ್ರಿಯ ಮೇಲಿನ ಎರಡು ಹಲಗೆ ದೇವರಿಗೆ, ಕೆಳಗಿನವು ಅಕ್ಕಿ ಬೇಳೆಗೆ. ಹೀಗಾಗಿ ಅಜ್ಜಿಯ ಪೂಜೆಯ ಹೊತ್ತಿಗೆ ಅಮ್ಮನಿಗೆ ತೊಗರಿಬೇಳೆ ಬೇಕಾದರೆ ದೊಡ್ಡ ರಗಳೆ. ಊಟದ ಮೇಜಿನ ಮೇಲೆ ಮಡಿಚದ ಬಟ್ಟೆ, ತೆರೆಯದ ಟಪಾಲು. ಊಟ ಮಾಡುತ್ತಿದ್ದುದು ಅಡುಗೆಮನೆಯ ಕಟ್ಟೆಯ ಸುತ್ತ ನಿಂತುಕೊಂಡು, ಅಜ್ಜಿಯೊಬ್ಬಳು ಮಾತ್ರ ತನ್ನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಗ್ರಾನೈಟ್ ಕಟ್ಟೆಯ ಮೇಲೆ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದರೆ, ಪಕ್ಕದಲ್ಲಿ ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತ, ಹುರಿಗಡಲೆ ಎನ್ನಬೇಕೋ ಪುಟಾಣಿ ಎನ್ನಬೇಕೋ ಎಂಬ ಹಳೆಯ ವ್ಯಾಜ್ಯವನ್ನು ಮುಂದುವರಿಸುತ್ತಿದ್ದಳು. ಇಬ್ಬರ ನಡುವೆ ನಿಜವಾದ ದ್ವೇಷವೇನೂ ಇರಲಿಲ್ಲ. ಜಗಳವಿಲ್ಲದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ, ಅಷ್ಟೆ. ನಾನು ಆಗ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ. ಇಲ್ಲಿ ನನ್ನ ಮಾತುಗಳೂ ಕನ್ನಡದಲ್ಲೇ ಇದ್ದರೆ ಅದು ಈಗಿನ ನನ್ನ ಕೈವಾಡ.

ಶುಕ್ರವಾರ ಸಂಜೆ ಆಸ್ಟಿನ್ನಿನಿಂದ ಗಿರಿಜಾ ಅತ್ಯಾ ಬರುತ್ತಿದ್ದಳು. ಅತ್ಯಾ ಎಂದರೆ ಸೋದರತ್ತೆ, ಅಪ್ಪನ ತಂಗಿ. ಟ್ರಾಫಿಕ್ಕಿನಲ್ಲಿ ಡ್ರೈವ್ ಮಾಡಿಕೊಂಡು ಬಂದ ಸಿಟ್ಟನ್ನೆಲ್ಲ ಬಾಗಿಲಲ್ಲೇ ಚಪ್ಪಲಿಯ ಜೊತೆ ಬಿಟ್ಟು, ಒಳಗೆ ಕಾಲಿಟ್ಟ ಕೂಡಲೇ ಮಾತು ಶುರು ಮಾಡುತ್ತಿದ್ದಳು. ಅವಳದು ಕಂಪ್ಯೂಟರಿನ ಚಿಪ್ ಟೆಸ್ಟ್ ಮಾಡುವ ಕೆಲಸ. ಯಾವುದು ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದಕ್ಕೇ ಅವಳಿಗೆ ಸಂಬಳ. ಗಂಡು ನೋಡುವಾಗಲೂ ಆ ಚಟ ಬಿಡಲಿಲ್ಲ, ತೊಂದರೆಯಾದದ್ದು ಅಲ್ಲಿಯೇ. ಡಲ್ಲಾಸಿನ ಒಬ್ಬ ಹುಡುಗ ನಮ್ಮ ಸೋಫಾದಲ್ಲಿ ಕೂತು, ತನಗೆ ಇಂಡಿಪೆಂಡೆಂಟ್ ಆಗಿರುವ ಹುಡುಗಿ ಬೇಕು ಎಂದು ಗಂಭೀರವಾಗಿ ಹೇಳಿದ. ಅತ್ಯಾ ಅಷ್ಟೇ ಗಂಭೀರವಾಗಿ ಕೇಳಿದಳು:

“ಯಾರಿಂದ ಇಂಡಿಪೆಂಡೆಂಟ್ ಇರಬೇಕು? ನಿಮ್ಮಿಂದಲೂ ಇದ್ರ ನಡೀತದೇನು?”

ಅವರ ಮನೆಯಿಂದ ಎರಡು ದಿನ ಬಿಟ್ಟು ಫೋನ್ ಬಂತು, ಜಾತಕ ಕೂಡಿಬರುವುದಿಲ್ಲವಂತೆ. ಅದೇ ಜಾತಕ ಬಹಳ ಚೆನ್ನಾಗಿ ಕೂಡಿದೆ ಎಂದು ಹೇಳಿ ಅವರು ಬಂದಿದ್ದರು. ಆಮೇಲೆ ಬಂದ ಮತ್ತೊಬ್ಬನ ಜಾತಕವೂ ಅತ್ಯಾಳ ಎರಡನೆಯ ಪ್ರಶ್ನೆಯ ಹೊತ್ತಿಗೆ ಕೆಟ್ಟುಹೋಯಿತು. ಅಜ್ಜಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಗಳಿಗೆ ಮೂವತ್ತು ದಾಟಿತ್ತು. ಅವಳ ಚಿಂತೆಯೆಲ್ಲ ಒಟ್ಟಾಗಿ ಒಂದು ಉಪದೇಶವಾಗಿತ್ತು. ಪ್ರತಿ ಶನಿವಾರ ಬೆಳಿಗ್ಗೆ ರೊಟ್ಟಿಯ ಜೊತೆ ಅದನ್ನೂ ಬಡಿಸುತ್ತಿದ್ದಳು.

“ಲಗ್ನ ಆಗೋ ತನಕ ಬಾಯಿಗೆ ಕೀಲಿ ಹಾಕು, ಗಿರಿಜಾ. ಆಮ್ಯಾಲೆ ತಗದು ಜನ್ಮಪೂರ್ತಿ ಮಾತಾಡು. ಯಾರು ಬ್ಯಾಡಂತಾರ?”

“ಮದಲ ಸುಮ್ಮನಿದ್ದು ಆಮ್ಯಾಲೆ ಮಾತಾಡಿದ್ರ ಅದು ಮೋಸ ಅಲ್ಲೇನವ್ವಾ?”

“ಮೋಸ ಅಲ್ಲ, ಸಂಸಾರ.”

ಅಮ್ಮ ಒಲೆಯ ಕಡೆ ತಿರುಗಿ ನಗುತ್ತಿದ್ದಳು. ಅತ್ಯಾ ಕೂಡ ನಗುತ್ತಿದ್ದಳು. ಆದರೆ ಅವಳಿಗೆ ಮದುವೆ ಬೇಡವಾಗಿತ್ತು ಎಂದು ಯಾರೂ ತಿಳಿಯಬಾರದು. ಒಂದು ಭಾನುವಾರ ಮಧ್ಯಾಹ್ನ, ಆಸ್ಟಿನ್ನಿಗೆ ಹೊರಡುವ ಮುಂಚೆ, ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿಗಳನ್ನು ಕಾರಿಗೆ ಇಡುತ್ತ ಅವಳು ನನ್ನೊಡನೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

“ನಾ ಮನೀಗೆ ಹೋದಾಗ ಬಾಗಲಾ ತಗಿಯೋರು ಯಾರರ ಇರ್ಲಿ ಅಂತ ನನಗೂ ಅನಸ್ತದ, ಅನೂ. ಆದ್ರ ಬಾಗಲಾ ತಗದಾಂವ ನನ್ನ ನೋಡಿ ಹೆದರಬಾರದು. ಅಷ್ಟ ನೋಡು.”

ನನಗೆ ಆಗ ಹದಿನಾಲ್ಕು ವರ್ಷ. ಅವಳು ಕೇಳಿದ್ದು ಬಹಳ ಸಣ್ಣದು ಎನ್ನಿಸಿತು. ಅಷ್ಟು ಸಣ್ಣದು ಯಾಕೆ ಸಿಗುತ್ತಿಲ್ಲ ಎಂದು ಸಿಟ್ಟೂ ಬಂತು.

ಆ ವರ್ಷವೇ ನಮ್ಮ ಶಾಲೆಯಲ್ಲಿ ನಾಟಕ ಕಲಿಸುವ ಮಿಸ್ ಕಾಲ್ಡರ್ ಯೂರೋಪಿನ ಒಂದು ಹಳೆಯ ಹಾಸ್ಯ ನಾಟಕವನ್ನು ಆರಿಸಿದ್ದರು. ನಾಲ್ಕು ನೂರು ವರ್ಷದ ಹಿಂದಿನದು, ಯಾರು ಬರೆದರೋ ಗೊತ್ತಿಲ್ಲವಂತೆ. ಒಬ್ಬ ರೇಷ್ಮೆ ವ್ಯಾಪಾರಿ, ಅವನಿಗೆ ಒಬ್ಬಳು ಮಾತಿನ ಮಲ್ಲಿ ಮಗಳು. ಬಂದ ವರಗಳಿಗೆಲ್ಲ ಎದುರು ಪ್ರಶ್ನೆ ಹಾಕಿ ಓಡಿಸುವುದೇ ಅವಳ ಕೆಲಸ. ಕೊನೆಗೆ ಒಬ್ಬ ಬರುತ್ತಾನೆ, ಇಬ್ಬರಿಗೂ ಮಾತಿನ ಸಮರ ನಡೆಯುತ್ತದೆ, ನೋಡುವವರಿಗೆ ಹಬ್ಬ. ಕಡೆಯ ದೃಶ್ಯದಲ್ಲಿ ಅಪ್ಪ ಮಗಳನ್ನು, ಇವನು ನಿನಗೆ ಒಪ್ಪಿಗೆಯೇ ಎಂದು ಕೇಳುತ್ತಾನೆ. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ತಲೆ ತಗ್ಗಿಸುತ್ತಾಳೆ. ಮಗಳು ಸುಮ್ಮನಾದಳು, ಒಪ್ಪಿದಳು ಎಂದು ಅಪ್ಪ ಕುಣಿಯುತ್ತಾನೆ, ಎಲ್ಲರೂ ಕುಣಿಯುತ್ತಾರೆ, ಪರದೆ ಬೀಳುತ್ತದೆ. ಆ ಮಗಳ ಪಾತ್ರ ನನಗೆ ಸಿಕ್ಕಿತು. ಕ್ಲಾಸಿನಲ್ಲಿ ಎದುರು ಮಾತಾಡುವವಳು ನಾನೇ ಆಗಿದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ.

ವಾರಾಂತ್ಯದಲ್ಲಿ ತಾಲೀಮು ನಮ್ಮ ಮನೆಯ ಹಾಲಿನಲ್ಲಿ ನಡೆಯಿತು. ವರಗಳ ಮಾತನ್ನೆಲ್ಲ ಗಿರಿಜಾ ಅತ್ಯಾ ದಪ್ಪ ಗಂಟಲಿನಲ್ಲಿ ಓದುತ್ತಿದ್ದಳು. ಅವಳ ಹೆಗಲಿಗೆ ನನ್ನ ಓಢಣಿಯೇ ವರನ ಮೇಲುವಸ್ತ್ರ, ಮೂಗಿನ ಕೆಳಗೆ ಕಾಡಿಗೆಯ ಮೀಸೆ. ಅಜ್ಜಿ ಸ್ಟೂಲನ್ನು ಹಾಲಿಗೆ ತರಿಸಿಕೊಂಡಳು. ಅಮ್ಮ ಪಕ್ಕದಲ್ಲಿ ನಿಂತು ಕನ್ನಡ ಮಾಡಿ ಹೇಳುತ್ತಿದ್ದಳು. ಅಮ್ಮನ ಮೈಸೂರು ಕನ್ನಡದಲ್ಲಿ ಆ ಜಗಳಗಂಟಿ ತುಂಬ ಮರ್ಯಾದಸ್ಥೆಯಾಗಿಬಿಡುತ್ತಿದ್ದಳು, ಅಜ್ಜಿ ಅದನ್ನು ತಿದ್ದಿ ಖಾರ ಹಾಕಿ ವಾಪಸು ಕೊಡುತ್ತಿದ್ದಳು. ನಮ್ಮ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ ದಿನಗಳಲ್ಲಿ ಅವೇ ಹೆಚ್ಚಿನವು.

“ಈ ಹುಡುಗಿ ನಮ್ಮ ಧಾರವಾಡದಾಕಿನ ಇರಬೇಕು,” ಎಂದು ಅಜ್ಜಿ ತೀರ್ಪು ಕೊಟ್ಟಳು. “ಹೂಂ, ಮುಂದ?”

ಮುಂದೆ ಕಡೆಯ ದೃಶ್ಯ. ನಾನು ತುಟಿಯ ಮೇಲೆ ಬೆರಳಿಟ್ಟು ತಲೆ ತಗ್ಗಿಸಿ ನಿಂತೆ. ಅಜ್ಜಿ ಕಾದಳು.

“ಆಕಿ ಏನಂದ್ಲು?”

“ಏನೂ ಅನ್ನೋದಿಲ್ಲ ಅಜ್ಜಿ. ಅಲ್ಲಿಗೆ ಮುಗೀತು.”

“ಮುಗೀತ? ಅಷ್ಟೊತ್ತನಕ ಪಟಪಟ ಅಂದಾಕಿ, ಈಗ ಗಂಟಲಿಗೆ ಏನಾತು?”

“ಮದುವೆ ಆಗ್ತಾಳೆ.”

ಅತ್ಯಾ ಕಾಡಿಗೆಯ ಮೀಸೆಯಲ್ಲೇ ನೆಲದ ಮೇಲೆ ಕುಸಿದು ನಗತೊಡಗಿದಳು.

“ಅವ್ವಾ, ಅವರದು ನಿನ್ನದರ ಉಲ್ಟಾ! ಅವರು ಲಗ್ನದ ತನಕ ಮಾತಾಡಸ್ತಾರ, ಆಮ್ಯಾಲೆ ಕೀಲಿ. ನೀ ಲಗ್ನದ ತನಕ ಕೀಲಿ ಅಂತಿ, ಆಮ್ಯಾಲೆ ಮಾತು. ಎಲ್ಲಿ ಹೋದ್ರೂ ಕೀಲಿ ಅಂತೂ ತಪ್ಪಲಿಲ್ಲ!”

ಅಜ್ಜಿ ನಗಲಿಲ್ಲ. ರೊಟ್ಟಿಗೆ ಹಿಟ್ಟು ಕಲಸುವುದಿದೆ ಎಂದು ಎದ್ದು ಹೋದಳು. ನನಗೆ ಮಾತ್ರ ಅತ್ಯಾಳ ಮಾತು ಮನಸ್ಸಿನಲ್ಲಿ ನಿಂತಿತು. ಸೋಮವಾರ ಮಿಸ್ ಕಾಲ್ಡರ್ ಅವರನ್ನು ಕೇಳಿದೆ, ಕೊನೆಗೆ ಅವಳನ್ನು ಯಾಕೆ ಸುಮ್ಮನಾಗಿಸುತ್ತಾರೆ ಎಂದು. ಅವರು ಕುರ್ಚಿ ಜೋಡಿಸುವುದನ್ನು ನಿಲ್ಲಿಸಿ, ಸ್ವಲ್ಪ ಯೋಚಿಸಿ ಹೇಳಿದರು:

“ಆಗಿನ ಜನ ದುಡ್ಡು ಕೊಟ್ಟು ಬರುತ್ತಿದ್ದುದೇ ಅವಳ ಮಾತು ಕೇಳುವುದಕ್ಕೆ. ನಾಟಕ ಮುಗಿಯುವಾಗ ಮಾತ್ರ ಅವಳು ಸುಮ್ಮನಾಗಬೇಕಿತ್ತು. ಇಲ್ಲದಿದ್ದರೆ ಅವಳ ಮಾತನ್ನು ಹೆಂಡತಿಯೂ ಮಗಳೂ ಮನೆಗೆ ತೆಗೆದುಕೊಂಡು ಹೋದಾರು ಎಂಬ ಭಯ.”

ನಾಟಕದ ಸಂಜೆ ಅಜ್ಜಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಒಂದೊಂದು ವರನನ್ನು ಓಡಿಸಿದಾಗಲೂ ಸಭೆ ಚಪ್ಪಾಳೆ ಹೊಡೆಯಿತು. ಆದರೆ ಎಲ್ಲಕ್ಕಿಂತ ದೊಡ್ಡ ನಗು, ದೊಡ್ಡ ಚಪ್ಪಾಳೆ ಬಂದದ್ದು ನಾನು ತುಟಿಯ ಮೇಲೆ ಬೆರಳಿಟ್ಟಾಗ. ತಲೆ ತಗ್ಗಿಸಿದ್ದರೂ ಓರೆಗಣ್ಣಿನಲ್ಲಿ ಅಜ್ಜಿ ಕಾಣುತ್ತಿದ್ದಳು. ಸುತ್ತ ಎಲ್ಲರೂ ನಗುತ್ತಿದ್ದರು. ಅವಳು ಮಾತ್ರ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ನನ್ನನ್ನು ಬಿಟ್ಟು ನಗುವವರ ಮುಖಗಳನ್ನೇ ನೋಡುತ್ತಿದ್ದಳು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಬಡಿಯುತ್ತ, ಯಾರೂ ಕೇಳದಿದ್ದರೂ, ಅವಳೇ ಶುರು ಮಾಡಿದಳು. ಅವಳನ್ನು ನೋಡಲು ಮೊದಲು ಬಂದ ಗಂಡಿನ ಕಡೆಯವರು, ಹಾಡಲು ಬರುತ್ತದೆಯೇ ಎಂದು ಕೇಳಿದ್ದರಂತೆ. ಇವಳು, “ಬರ್ತದ. ನಿಮ್ಮ ಹುಡುಗಗ ಏನ್ ಬರ್ತದ?” ಎಂದಳಂತೆ. ಅವರು ಚಹಾ ಕುಡಿಯದೆ ಎದ್ದುಹೋದರು. ಇವಳ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ; ಮಾತು ಬಿಟ್ಟರು. ಒಂದೇ ಮನೆಯಲ್ಲಿದ್ದುಕೊಂಡು ಒಂದು ಬೇಸಿಗೆ ಪೂರ್ತಿ ಮಗಳ ಜೊತೆ ಮಾತಾಡಲಿಲ್ಲ. ಆಮೇಲೆ ನಮ್ಮಜ್ಜನ ಕಡೆಯವರು ಬಂದಾಗ ಇವಳು ಎಷ್ಟು ಸುಮ್ಮನೆ ಕೂತಳೆಂದರೆ, ಹುಡುಗಿ ಮೂಕಿಯಲ್ಲ ತಾನೇ ಎಂದು ಅವರು ಪಕ್ಕದ ಮನೆಯಲ್ಲಿ ವಿಚಾರಿಸಿಕೊಂಡು ಹೋದರಂತೆ.

“ಲಗ್ನದ ದಿನಾ ಒಡಪು ಹೇಳಂದ್ರು. ಅವತ್ತ ಬಾಯಿ ತಗದೆ ನೋಡು.”

ಒಡಪು ಎಂದರೆ ಏನೆಂದು ನನಗೆ ಆಗ ತಿಳಿದದ್ದು. ಆ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವ ಹಾಗಿಲ್ಲ. ಪ್ರಾಸ ಕಟ್ಟಿ, ಹಾಡಿನಂಥ ಎರಡು ಮೂರು ಸಾಲಿನೊಳಗೆ ಹೆಸರನ್ನು ಸೇರಿಸಿ ಹೇಳಬೇಕು. ಮೊದಲ ಸಲ ಹೇಳುವುದು ತಾಳಿ ಕಟ್ಟಿದ ಮೇಲೆ, ಎಲ್ಲರೆದುರು. ಅದಕ್ಕಿಂತ ಮುಂಚೆ ಹೇಳಿದರೆ, ಇವನು ನನ್ನವನು ಎಂದು ಒಪ್ಪಿಕೊಂಡಂತೆ. ಒಡಪಿನಲ್ಲಿ ಗಂಡನನ್ನು ಎಷ್ಟು ಕಿಚಾಯಿಸಿದರೂ ಯಾರೂ ಕೆಡುಕೆನ್ನುವುದಿಲ್ಲ. ಅಜ್ಜಿ ಆ ದಿನ ಅಜ್ಜನನ್ನೂ ಅತ್ತೆಮಾವಂದಿರನ್ನೂ ಸೇರಿಸಿ ಕಿಚಾಯಿಸಿದಳಂತೆ.

“ನಿಮ್ಮಜ್ಜ ಬೆರಗಾಗಿ, ‘ನಿನಗ ಮಾತು ಬರ್ತಾವ?’ ಅಂದ್ರು. ಭಾಳ ಖುಷಿ ಆಗಿತ್ತು ಅವರಿಗೆ. ನನ್ನ ಪುಣ್ಯೇ.” ಕೈ ನಿಂತಿತು. “ಸಿಟ್ಟು ಬಂದಿದ್ರ ಏನ್ ಮಾಡೋದಿತ್ತು ವೀಣಾ, ನಾ?”

ಅಮ್ಮ ಕಾವಲಿಯ ಮೇಲಿನ ರೊಟ್ಟಿಯನ್ನು ತಾನೇ ಮಗುಚಿ ಹಾಕಿ, ಅಜ್ಜಿಯ ಬೆನ್ನ ಮೇಲೆ ಹಿಟ್ಟಿನ ಕೈಯಿಟ್ಟಳು. ಆ ಸೀರೆಯ ಮೇಲೆ ಐದು ಬೆರಳಿನ ಗುರುತು ದಿನವೆಲ್ಲ ಹಾಗೇ ಇತ್ತು, ಅಜ್ಜಿ ಬೈಯಲೂ ಇಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಹ್ಯೂಸ್ಟನ್ನಿನ ಸಂಬಂಧ ಬಂತು. ಅಮ್ಮನ ಕಡೆಯ ಪರಿಚಯದವರು, ಆ ಊರಿನ ಕ್ಲಿಯರ್ ಲೇಕ್ ಬಡಾವಣೆಯಲ್ಲಿ ಎಷ್ಟೋ ವರ್ಷದಿಂದ ಇರುವ ಮೈಸೂರಿನವರು. ತಂದೆ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು, ತಾಯಿ ಶಾರದಾ ಆಂಟಿ ಮಕ್ಕಳ ಡಾಕ್ಟರು. ಮಗ ರಘುನಂದನ್ ಅಲ್ಲಿಯೇ ಬೆಳೆದವರು, ಅಪ್ಪನ ಹಾಗೇ ಎಂಜಿನಿಯರ್, ರಾಕೆಟ್ ಟೆಸ್ಟ್ ಮಾಡುವ ಕೆಲಸ. ಗಂಡಿನವರೇ ಬರಬೇಕಾದದ್ದು, ಆದರೆ ತಂದೆಗೆ ಮಂಡಿ ಆಪರೇಷನ್ ಆಗಿತ್ತು, ಆಸ್ಟಿನ್ನಿನಿಂದ ಅತ್ಯಾ ಬಂದ ಮೇಲೆ ನಾವೇ ಹೊರಟೆವು. ಫೋಟೋ ನೋಡಿ, ಫೋನಿನಲ್ಲಿ ಒಂದೆರಡು ಮಾತಾಡಿ, ಅತ್ಯಾ ಈ ಸಲ ಆಸೆ ಇಟ್ಟುಕೊಂಡಿದ್ದಳು. ಅದು ನನಗೆ ಗೊತ್ತಾದದ್ದು ಅವಳು ಅಜ್ಜಿಯ ಜೊತೆ ವಾದ ಮಾಡದೇ ಇದ್ದುದರಿಂದ.

“ಈ ಸಲ ನೀ ಹೇಳಿದಂಗ ಸುಮ್ಮನ ಕೂಡ್ತೀನವ್ವಾ. ನೋಡೋಣಂತ.”

ಅಜ್ಜಿ ಯಾಕೋ, “ಹೂಂ,” ಎಂದಳು ಅಷ್ಟೆ. ಗೆದ್ದವಳ ಹಾಗೆ ಕಾಣಲಿಲ್ಲ.

ಹ್ಯೂಸ್ಟನ್ ಮುಟ್ಟಿದ ಮೇಲೆ ನಮ್ಮವರ ಅಂಗಡಿಗಳಿರುವ ಹಿಲ್‌ಕ್ರಾಫ್ಟಿನಲ್ಲಿ ಗಾಡಿ ನಿಲ್ಲಿಸಿ ಅಮ್ಮ ಮಲ್ಲಿಗೆ, ಹಣ್ಣು, ಪೇಡೆ ಕೊಂಡಳು. ಪಾನಿಪುರಿಯ ಅಂಗಡಿ ದಾಟುವಾಗ ಅತ್ಯಾ ಒಳಗೂ ನೋಡಲಿಲ್ಲ. ಬೇರೆ ದಿನವಾದರೆ ಅವಳನ್ನು ಅಲ್ಲಿಂದ ಎಳೆದುಕೊಂಡು ಬರಬೇಕಾಗುತ್ತಿತ್ತು. ಕ್ಲಿಯರ್ ಲೇಕಿನ ಮನೆ ದೊಡ್ಡದು, ತಣ್ಣಗಿತ್ತು, ಗೋಡೆಯ ಮೇಲೆ ರಾಕೆಟ್ಟಿನ ಚಿತ್ರಗಳಿದ್ದವು. ಶಾರದಾ ಆಂಟಿ ಕೇಸರಿಬಾತು, ಉಪ್ಪಿಟ್ಟು ತಂದಿಟ್ಟರು. ಅತ್ಯಾ ಮಂಡಿ ಜೋಡಿಸಿ ಕೂತು, ಕೇಳಿದ್ದಕ್ಕೆಲ್ಲ ಹೌದು, ಇಲ್ಲ, ಪರವಾಗಿಲ್ಲ ಎಂದಳು. ಕೆಲಸ ಹೇಗಿದೆ ಎಂದರೆ, ಚೆನ್ನಾಗಿದೆ. ಆಸ್ಟಿನ್ ಇಷ್ಟವೇ ಎಂದರೆ, ಇಷ್ಟ. ರಘುನಂದನ್ ಒಳ್ಳೆಯವರ ಹಾಗೆ ಕಂಡರು. ಎರಡು ಸಲ ಏನೋ ತಮಾಷೆ ಮಾಡಲು ನೋಡಿದರು, ಅತ್ಯಾ ತಟ್ಟೆ ನೋಡಿಕೊಂಡು ನಕ್ಕಳು, ಅವರು ಸೋತು ಚಮಚ ತಿರುವತೊಡಗಿದರು. ನನಗೆ ಅಳು ಬಂತು. ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮಾತು ಶುರು ಮಾಡುವವಳನ್ನು ನಾವು ಎಲ್ಲಿ ಬಿಟ್ಟುಬಂದೆವು ಎಂದು ಕೇಳಬೇಕೆನ್ನಿಸಿತು.

ಶಾರದಾ ಆಂಟಿಗೆ ಬಹಳ ಸಮಾಧಾನವಾಗಿತ್ತು. ಅಮ್ಮನ ಕಡೆ ಬಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಎಷ್ಟು ಸೈಲೆಂಟು ಹುಡುಗಿ. ಈಗಿನ ಕಾಲದಲ್ಲಿ ಇಂಥವರು ಸಿಗೋದು ಕಷ್ಟ ಕಣ್ರೀ ವೀಣಾ.”

ಅಜ್ಜಿಯ ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಇತ್ತು. ಮಾತು ಬೆಳೆಸಲೆಂದು ಆಂಟಿ ಅವಳ ಕಡೆ ತಿರುಗಿ, “ನಿಮ್ಮ ಯಜಮಾನ್ರ ಹೆಸರೇನಮ್ಮ?” ಎಂದರು. ಕೇಳಬಾರದ್ದನ್ನು ಕೇಳಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಜ್ಜಿ ತಟ್ಟೆ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು ಹೇಳಿದಳು:

“ಹಿತ್ತಲದಾಗ ಹೂವಿನ ಬಳ್ಳಿ, ಗ್ವಾಡಿ ಮ್ಯಾಲ ಹಲ್ಲಿ,
ಹತ್ತು ಸಲ ಕರದ್ರೂ ಉಂಬಾಕ ಬರವಲ್ಲರು
ವೆಂಕಟರಾಯರು, ಪೇಪರ್ ಹಿಡಕೊಂಡು ಕೂತಾರ ಅಲ್ಲಿ!”

ಮಂಡಿಯ ನೋವು ಮರೆತು ರಘುನಂದನ್ನರ ತಂದೆ ಗಟ್ಟಿಯಾಗಿ ನಕ್ಕರು, ಅವರ ಕೈಯಲ್ಲೂ ಪೇಪರ್ ಇತ್ತು. ಆ ಮನೆಯಲ್ಲಿ ಮೊದಲ ಸಲ ಗಾಳಿಯಾಡಿದ ಹಾಗಾಯಿತು. ರಘುನಂದನ್ ಮುಂದಕ್ಕೆ ಸರಿದು ಕೂತರು, ಅದೇನು ಎಂದು ಅಜ್ಜಿಯನ್ನು ಕೇಳಿ ಒಡಪಿನ ಅರ್ಧ ಕಥೆ ತಿಳಿದುಕೊಂಡರು. ಯಾವಾಗ ಹೇಳುತ್ತಾರೆ ಎಂಬ ಉಳಿದರ್ಧವನ್ನು ಅಜ್ಜಿ ಹೇಳುವ ಮುಂಚೆಯೇ ಅತ್ಯಾಳ ಕಡೆ ತಿರುಗಿಬಿಟ್ಟರು.

“ನಿಮಗೂ ಬರುತ್ತಾ? ಹಾಗಾದ್ರೆ ನನ್ನ ಹೆಸರು ಹಾಕಿ ಒಂದು ಹೇಳಿ, ಪ್ಲೀಸ್.”

ಅಪ್ಪ ಕೆಮ್ಮಿದರು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಮದುವೆಯಾಗು ಎಂದು ಕೇಳುವುದಕ್ಕಿಂತ ದೊಡ್ಡದನ್ನು ಕೇಳಿಬಿಟ್ಟಿದ್ದೇನೆ ಎಂದು ಆ ಪುಣ್ಯಾತ್ಮರಿಗೆ ತಿಳಿದಿರಲೇ ಇಲ್ಲ, ಮಗುವಿನ ಹಾಗೆ ಕಾಯುತ್ತಿದ್ದರು. ಅತ್ಯಾ ಮುಖ ಎತ್ತಿದಳು. ಉತ್ತರ ಅವಳ ತುಟಿಯವರೆಗೆ ಬಂದಿತ್ತು, ನಮಗೆಲ್ಲ ಅದು ಕಾಣುತ್ತಿತ್ತು. ಆದರೆ ಅವಳು ಅವರನ್ನು ನೋಡದೆ ಅಜ್ಜಿಯನ್ನು ನೋಡಿದಳು, ಅಪ್ಪಣೆ ಕೇಳುವ ಚಿಕ್ಕ ಹುಡುಗಿಯ ಹಾಗೆ. ಆ ನೋಟವನ್ನು ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ.

“ಹೇಳವಾ,” ಎಂದಳು. “ನಿನಗ ಏನ್ ಅನ್ನೂದದನೋ ಅನ್ನು. ನಾ ಅದೀನಿ.”

ಅತ್ಯಾ ಒಂದು ಉಸಿರು ತೆಗೆದುಕೊಂಡಳು.

“ಆಸ್ಟಿನ್ನಿಂದ ಬಂದೀನಿ ಗಾಡಿ ಹೊಡಕೊಂಡು ಬಿಸಲಾಗ,
ನಮ್ಮವ್ವ ಕೂಡಿಸ್ಯಾಳ ಬಾಯಿಗೆ ಕೀಲಿ ಹಾಕಿ ಸೋಫಾದಾಗ,
ಹೆಸರು ಹೇಳಂತೀರಿ, ಹೇಳೋಣಂತ, ಅವಸರ ಏನದ ಈಗ?
ಅಡಿಗಿ ಬರ್ತದೇನು ನಿಮಗ, ಮದಲ ಅದನ್ನ ಹೇಳ್ರಿ ಬೇಗ!”

ಹೆಸರಿರಲಿಲ್ಲ. ನಾಲ್ಕು ಸಾಲು ಪ್ರಾಸ ಕಟ್ಟಿ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದಳು. ಒಪ್ಪಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. ಅಂಥ ಒಡಪನ್ನು ಧಾರವಾಡದಲ್ಲಿ ಕೂಡ ಯಾರೂ ಹೇಳಿರಲಿಕ್ಕಿಲ್ಲ ಎಂದು ಅಜ್ಜಿ ಆಮೇಲೆ ಎಷ್ಟೋ ಜನರ ಮುಂದೆ ಹೇಳಿಕೊಂಡು ಮೆರೆದಳು. ಆ ಹೊತ್ತಿನಲ್ಲಿ ರಘುನಂದನ್ ಚಮಚ ಕೆಳಗಿಟ್ಟರು. ಹೆದರುತ್ತಾರೇನೋ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ.

“ಸಾರು ಮಾಡಕ್ಕೆ ಬರುತ್ತೆ,” ಎಂದರು. “ಅಮ್ಮ ಅದನ್ನ ಸಾರು ಅಂತ ಒಪ್ಪಲ್ಲ.”

“ಒಗ್ಗರಣೀಗೆ ಏನೇನ್ ಹಾಕ್ತೀರಿ?”

“ಮೊದಲು ಸ್ಮೋಕ್ ಅಲಾರಮ್ಮಿನ ಬ್ಯಾಟರಿ ತೆಗೀತೀನಿ.”

ಅತ್ಯಾ ನಕ್ಕಳು, ನಮ್ಮ ಮನೆಯಲ್ಲಿ ನಗುವ ನಗು. ಆಮೇಲೆ ಅವರಿಬ್ಬರನ್ನು ತಡೆಯುವವರಿರಲಿಲ್ಲ. ಸಾಸಿವೆ ಮೊದಲೋ ಇಂಗು ಮೊದಲೋ ಎಂಬಲ್ಲಿಂದ ಶುರುವಾಗಿ, ರಾಕೆಟ್ ಟೆಸ್ಟ್ ಮಾಡುವವರು ದೊಡ್ಡವರೋ ಚಿಪ್ ಟೆಸ್ಟ್ ಮಾಡುವವರು ದೊಡ್ಡವರೋ ಎಂಬಲ್ಲಿಗೆ ಹೋಯಿತು. ಅವರು ಒಂದಂದರೆ ಇವಳು ಎರಡು, ಇವಳು ತಪ್ಪಿದರೆ ಅವರು ಬಿಡಲಿಲ್ಲ. ಶಾರದಾ ಆಂಟಿ ನಗಲಿಲ್ಲ. ತಣ್ಣಗಾದ ಕಾಫಿ ಲೋಟಗಳನ್ನು ಎತ್ತುತ್ತ, “ಇಷ್ಟು ಹೊತ್ತು ಈ ಹುಡುಗಿ ಎಲ್ಲಿದ್ದಳು?” ಎಂದರು. ಅದು ಮೆಚ್ಚುಗೆಯೋ ದೂರೋ, ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವರನ್ನೇ ಕೇಳಿದರೂ ಅವರು ಸುಮ್ಮನೆ ಮುಗುಳ್ನಗುತ್ತಾರೆ.

ಕೇಳುವಷ್ಟು ಸಲಿಗೆ ಬಂದಿದೆ ಎಂದ ಮೇಲೆ ಮುಂದಿನದು ಹೇಳಬೇಕಾಗಿಲ್ಲ. ಮದುವೆಯಾಯಿತು, ಆದರೆ ಬೇಗ ಅಲ್ಲ. ಹ್ಯೂಸ್ಟನ್ನಿಗೂ ಆಸ್ಟಿನ್ನಿಗೂ ನಡುವೆ ಎಷ್ಟೋ ಶನಿವಾರಗಳ ಓಡಾಟವಾದ ಮೇಲೆ, ಎರಡು ಸಲ ಮುರಿದೇಹೋಯಿತು ಎನ್ನುವ ಹಾಗಾದ ಮೇಲೆ. ಅದೆಲ್ಲ ಅವರಿಬ್ಬರ ಮಾತು. ನನ್ನದು ಆ ದಿನ ವಾಪಸು ಬರುವಾಗಿನ ಕಾರು.

ಅಪ್ಪ ಡ್ರೈವ್ ಮಾಡುತ್ತಿದ್ದರು, ಪಕ್ಕದಲ್ಲಿ ಅಮ್ಮ. ಹಿಂದೆ ನಾನು, ಅಜ್ಜಿ, ಕಿಟಕಿಗೆ ಅತ್ಯಾ. ಹ್ಯೂಸ್ಟನ್ ದಾಟಿ ಪೈನ್ ಮರಗಳು ಶುರುವಾಗಿದ್ದವು, ಇಳಿಬಿಸಿಲು ಒಳಗೆ ಬರುತ್ತಿತ್ತು. ಅಪ್ಪ ಕನ್ನಡಿಯಲ್ಲಿ ನೋಡಿ, ಅವರು ಏನನ್ನುತ್ತಾರೋ, ಯಾವಾಗ ಫೋನ್ ಮಾಡುತ್ತಾರೋ ಎಂದು ಶುರು ಮಾಡಿದರು. ಇಷ್ಟು ವರ್ಷ ಪ್ರತಿ ಸಲವೂ ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಅದೊಂದೇ. ಅಜ್ಜಿ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದಳು. ಮಗಳ ಕಡೆ ಪೂರ್ತಿ ತಿರುಗಿ, ನಾನು ಎಂದೂ ಕೇಳಿರದ ಮೆತ್ತನೆಯ ದನಿಯಲ್ಲಿ ಕೇಳಿದಳು:

“ಅವರು ಏನರ ಅನ್ಲಿ. ನಿನಗ ಅಂವ ಒಪ್ಪಿಗಿ ಅದಾನೇನು, ಗಿರಿಜಾ?”

ಅತ್ಯಾ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಯಾರಿಗೂ ಉತ್ತರ ಬಾಕಿ ಇಟ್ಟುಕೊಳ್ಳದವಳ ಕಣ್ಣು ತುಂಬಿ ಬಂತು. ಅವಳು ಕಿಟಕಿಯ ಕಡೆ ತಿರುಗಿದಳು. ತಂಗಿ ಸುಮ್ಮನಾದದ್ದು ಕಂಡು ಅಪ್ಪ ಹಿಗ್ಗಿ, “ಹಂಗಾರ ಆತಲ್ಲ, ಹೂಂ ಅಂದಂಗ ಆತು!” ಎಂದರು. ಗಾಡಿಯೂ ಅವರ ಖುಷಿಗೆ ಸ್ವಲ್ಪ ಮುಂದಕ್ಕೆ ಹಾರಿತು.

ಅಜ್ಜಿ ಮಗಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

“ಯಾರಂದ್ರು? ಸಾವಕಾಶ ಹೊಡಿಯೋ ಶ್ರೀಕಾಂತಾ. ಆಕಿ ಇನ್ನೂ ವಿಚಾರ ಮಾಡ್ಲಿಕ್ಕತ್ತಾಳ.”